ನೂರಾ ಹನ್ನೆರಡರ ಮನೆಯ ಹೆಬ್ಬೆಟ್ಟು

"ಗುರುಪಾದಯ್ಯ ಮೇಷ್ಟ್ರಿಗೆ ವಯಸ್ಸಾಯಿತು, ಏನೇನೋ ಹೇಳುತ್ತಾರೆ, ಕೇಳಿ ಸುಮ್ಮನಿರಿ" ಎಂದು ನಮ್ಮೂರ ಫೋನ್ ಗ್ರೂಪಿನಲ್ಲಿ ಬರೆದವನು ಯಾರೆಂದು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ನೂರಾ ನಲವತ್ತರ ಮನೆಯ ರುದ್ರೇಶ. ನೋಡಪ್ಪ ರುದ್ರೇಶ, ನಿನ್ನನ್ನು ಕಾದಂಬರಿ ಪರೀಕ್ಷೆಯಲ್ಲಿ ಎರಡು ಸಲ ನಪಾಸು ಮಾಡಿದವನು ನಾನು. ಎರಡು ಸಲವೂ ಎಷ್ಟೆಷ್ಟು ಅಂಕ ಬಂದಿತ್ತು ಅಂತ ಈಗಲೇ ಹೇಳಬಲ್ಲೆ, ನಿನ್ನ ಸೊಸೆಯೂ ಗ್ರೂಪಿನಲ್ಲಿದ್ದಾಳೆ ಅಂತ ಬಿಟ್ಟಿದ್ದೇನೆ. ಬೆಳಿಗ್ಗೆಯ ಮಾತ್ರೆ ನುಂಗಿದೆನೋ ಇಲ್ಲವೋ ಮರೆಯುತ್ತೇನೆ, ಒಪ್ಪಿದೆ. ಕನ್ನಡಕವನ್ನು ಅಕ್ಕಿ ಡಬ್ಬದಲ್ಲಿಟ್ಟು ಮನೆಯೆಲ್ಲ ಹುಡುಕಿಸಿದ್ದೂ ನಿಜ. ಆದರೆ ನೂರಾ ಹದಿಮೂರನೇ ಹಾಳೆ ಇರಲೇ ಇಲ್ಲ, ಅಚ್ಚು ಹಾಕಿದವರು ಅಂಕಿ ತಪ್ಪಿದ್ದು ಅನ್ನುತ್ತೀರಲ್ಲ, ಅದನ್ನು ಕೇಳಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಆ ಹಾಳೆ ಇತ್ತು. ಅದನ್ನು ಇಟ್ಟುಕೊಂಡವರ ಮನೆಯೂ ಇತ್ತು. ಈಗ ಹಾಲಿನ ಡೇರಿ ಇದೆಯಲ್ಲ, ಅದೇ ಜಾಗ.

ಈ ಫೋನಿನಲ್ಲಿ ಮಾತಾಡುವುದೂ ಒಂದು ಶಿಕ್ಷೆ. ಹೆಬ್ಬೆಟ್ಟನ್ನು ಒತ್ತಿ ಹಿಡಿದೇ ಇರಬೇಕು, ಎತ್ತಿದರೆ ಮಾತು ಹೊರಟುಹೋಗುತ್ತದೆ. ಮಧ್ಯೆ ಕೆಮ್ಮಿದರೆ ಸಹಿಸಿಕೊಳ್ಳಿ.

ಊರು ಬಿಟ್ಟವರ ಮಕ್ಕಳೂ ಇದನ್ನು ಕೇಳುತ್ತಾರಂತೆ, ಅವರಿಗೋಸ್ಕರ ಮೊದಲಿನಿಂದ ಹೇಳುತ್ತೇನೆ. ನಮ್ಮೂರಿನಲ್ಲಿ ದೊಡ್ಡ ಕಾದಂಬರಿಯ ಪ್ರತಿ ಒಂದೇ ಒಂದು. ಅದೂ ಒಟ್ಟಿಗಿಲ್ಲ. ಮುನ್ನೂರ ಆರು ಹಾಳೆ, ಮುನ್ನೂರ ಆರು ಮನೆ. ಒಂದೊಂದು ಮನೆಗೆ ಒಂದೊಂದು ಹಾಳೆ. ಅಚ್ಚು ಒಂದೇ ಮಗ್ಗುಲಿಗೆ. ಹಿಂಬದಿ ಖಾಲಿ, ಅಲ್ಲಿ ಮನೆಯವರು ಹುಟ್ಟು ಸಾವು ಬರೆದಿಡುತ್ತಾರೆ. ಯಾರಾದರೂ ಬಂದು ಬಾಗಿಲು ತಟ್ಟಿ "ಓದಿ" ಅಂದರೆ ಓದಬೇಕು, ಇಲ್ಲ ಅನ್ನುವ ಹಾಗಿಲ್ಲ. ಒಬ್ಬರ ಹಾಳೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಬರೆದುಕೊಳ್ಳುವ ಹಾಗೂ ಇಲ್ಲ. ಕಿವಿಯಲ್ಲಿ ಕೇಳಿ ತಲೆಯಲ್ಲಿ ಹೊತ್ತುಕೊಂಡು ಮುಂದಿನ ಮನೆಗೆ ನಡೆಯಬೇಕು. ಮನೆಗಳಾದರೂ ಸಾಲಾಗಿವೆಯೇ? ಎಂಬತ್ತೆಂಟು ಕೆರೆ ಏರಿಯ ಮೇಲೆ, ಎಂಬತ್ತೊಂಬತ್ತು ಸಂತೆಮಾಳದ ಹಿಂದೆ. ನಲವತ್ತೇಳರ ಅಜ್ಜಿ ಒಗ್ಗರಣೆ ಹಾಕುತ್ತಲೇ ಓದುತ್ತಿದ್ದಳು, ಆ ಹಾಳೆಯಲ್ಲಿ ನಾಯಕನ ತಾಯಿ ಸಾಯುತ್ತಾಳೆ. ನಮಗೆಲ್ಲ ಇವತ್ತಿಗೂ ಸಾಸಿವೆ ಸಿಡಿದರೆ ಕಣ್ಣು ತುಂಬುತ್ತದೆ. ಇನ್ನೂರು ಹನ್ನೊಂದರ ಯಜಮಾನರು ಉಗ್ಗುತ್ತಿದ್ದರು, ಅವರ ಬಾಯಲ್ಲಿ ಆ ಯುದ್ಧ ಮುಗಿಯುವುದಕ್ಕೆ ಮಧ್ಯಾಹ್ನ ಆಗುತ್ತಿತ್ತು. ಒಂಬತ್ತರ ಮನೆಯ ಹುಡುಗಿಯನ್ನು ಹತ್ತರ ಮನೆಗೆ ತಂದುಕೊಂಡರೆ ಶುಭ, ಕಥೆ ಹರಿದು ಹೋಗುತ್ತದೆ ಅನ್ನುತ್ತಿದ್ದರು.

ಕಾದಂಬರಿಯಲ್ಲಿ ಒಂದು ಪಟ್ಟಣ. ಕಲ್ಲಿನ ಕೋಟೆ, ಗಡಿಯಾರದ ಗೋಪುರ, ಕಾನೂನು ತಿಳಿದ ನ್ಯಾಯಾಧಿಕಾರಿ. ಕೋಟೆಯಾಚೆ ಗುಡ್ಡದವರು, ಉಪ್ಪಿಗಾಗಿ ಇಳಿದು ಬರುವವರು. ಇಷ್ಟೇ. ಹತ್ತನೇ ಕ್ಲಾಸಿನ ಮಕ್ಕಳೆಲ್ಲ ಮೂರು ತಿಂಗಳು ಮನೆಮನೆ ತಿರುಗಿ ಇದನ್ನು ಕೇಳಿಸಿಕೊಂಡು ಪರೀಕ್ಷೆ ಬರೆಯಬೇಕು. ಪ್ರಶ್ನೆ ನನ್ನ ತಾತನ ಕಾಲದಿಂದ ಒಂದೇ: ಈ ಕಾದಂಬರಿಯಲ್ಲಿ ಕಾಡುತನ ಯಾವುದು, ನಾಗರಿಕತೆ ಯಾವುದು, ವಿವರಿಸಿ. ಉತ್ತರ ಪತ್ರಿಕೆಯ ಮಧ್ಯೆ ಉದ್ದಕ್ಕೆ ಒಂದು ಗೆರೆ ಎಳೆಯಬೇಕು. ಎಡಗಡೆ ಕಾಡುತನ, ಬಲಗಡೆ ನಾಗರಿಕತೆ. ಯಾವ ಹಾಳೆ ಯಾವ ಕಡೆ ಅನ್ನುವುದು ಊರಿಗೇ ಬಾಯಿಪಾಠ.

ನಮ್ಮದು ನೂರಾ ಹನ್ನೆರಡು. ಬಲಗಡೆಯಲ್ಲಿ ಎಲ್ಲರೂ ಮೊದಲು ಬರೆಯುವುದೇ ನಮ್ಮ ಹಾಳೆಯನ್ನು. ಅದರಲ್ಲಿ ಪಟ್ಟಣದವರು ಗುಡ್ಡದವರನ್ನು ಊಟಕ್ಕೆ ಕರೆಯುತ್ತಾರೆ. ಎಲ್ಲರಿಗೂ ಹೊಸ ಬಟ್ಟೆ ಕೊಡುತ್ತಾರೆ, ಬಾಳೆಲೆ ಹಾಕುತ್ತಾರೆ, ನ್ಯಾಯಾಧಿಕಾರಿಗಳು ಖುದ್ದಾಗಿ ತುಪ್ಪ ಬಡಿಸುತ್ತಾರೆ. ಊರಿನಲ್ಲಿ ಯಾವ ಮದುವೆಯಾದರೂ ನಮ್ಮ ಹಾಳೆ ಓದಿಸದೆ ಪಂಕ್ತಿ ನಡೆಸುತ್ತಿರಲಿಲ್ಲ. ನಮ್ಮಪ್ಪ ರೇಷ್ಮೆ ಶಲ್ಯ ಹೊದ್ದುಕೊಂಡು, ಹಾಳೆಯನ್ನು ಕೆಳಗಿನಿಂದ ಹಿಡಿದು, ಹೆಬ್ಬೆಟ್ಟನ್ನು ಅಡ್ಡಲಾಗಿ ಒತ್ತಿ ಓದುತ್ತಿದ್ದರು. ತಾತ ಹಿಡಿಯುತ್ತಿದ್ದುದೂ ಹಾಗೇ. ಅದು ನಮ್ಮ ಮನೆಯ ಹಿಡಿತ ಅಂತ ಜನ ಮೆಚ್ಚಿಕೊಳ್ಳುತ್ತಿದ್ದರು. ಅಪ್ಪ ತೀರಿಕೊಂಡಾಗ ನನಗೆ ಹದಿನಾರು. ಹನ್ನೆರಡನೇ ದಿನ ಕಳೆದ ಮೇಲೆ ಅಮ್ಮ ಬಾಗಿಲು ಹಾಕಿ, ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟು, ಆ ಹೆಬ್ಬೆಟ್ಟಿನ ಕೆಳಗಿನ ನಾಲ್ಕು ಸಾಲನ್ನು ತೋರಿಸಿದಳು. ಬೆವರು ಹತ್ತಿ ಹತ್ತಿ ಮಸಿ ಮಾಸಿತ್ತು, ಕಷ್ಟಪಟ್ಟರೆ ಓದಬಹುದಿತ್ತು.

"ಇದು ನಿಂಗೆ ಮಾತ್ರ. ಬಾಯಿಪಾಠ ಮಾಡ್ಕೊ. ಆಮೇಲೆ ಮರ್ತುಬಿಡು" ಅಂದಳು.

"ಮರೆಯೋದಾದ್ರೆ ಯಾಕಮ್ಮ ಬಾಯಿಪಾಠ?"

"ಹಾಳೆ ನಮ್ದು ಕಣೋ. ನಮ್ಮ ಹತ್ರ ಪೂರ್ತಿ ಇರ್ಬೇಕು. ಊರಿಗೆ ಪೂರ್ತಿ ಬೇಕಾಗಿಲ್ಲ."

ಈಗ ನೂರಾ ಹದಿಮೂರಕ್ಕೆ ಬರುತ್ತೇನೆ. ಆ ಹಾಳೆ ಚೌಡಯ್ಯನ ಮನೆಯಲ್ಲಿತ್ತು. ಚೌಡಯ್ಯ ಸವೆದ ಬೀಸುವ ಕಲ್ಲುಗಳಿಗೆ ಉಳಿ ಹಾಕಿ ಮತ್ತೆ ಒರಟು ಮಾಡಿಕೊಡುವವನು. ಅವನ ಹುಬ್ಬಿನ ಮೇಲೆ ಯಾವಾಗಲೂ ಕಲ್ಲಿನ ಪುಡಿ. ಅವನ ಹಾಳೆ ಹೀಗೆ ಶುರುವಾಗುತ್ತದೆ: "ಹೊಗೆಯ ನಡುವಿನಿಂದ ಗುಡ್ಡದವರು ಬಂದರು. ಅವರ ಮೈಮೇಲೆ ಬಟ್ಟೆಯಿರಲಿಲ್ಲ, ಬಾಯಲ್ಲಿ ಮಾತಿರಲಿಲ್ಲ. ಸಿಕ್ಕವರನ್ನು ಹಲ್ಲಿನಿಂದ ಕಚ್ಚಿದರು." ನ್ಯಾಯಾಧಿಕಾರಿಯ ಕೊರಳನ್ನೂ ಕಚ್ಚುತ್ತಾರೆ. ಎಡಗಡೆಯಲ್ಲಿ ಎಲ್ಲರೂ ಮೊದಲು ಬರೆಯುವುದು ಇದನ್ನು. ಹಾಗಾಗಿ ಅವರದು ಕಚ್ಚೋರ ಮನೆ. ಅವರು ಬೀದಿಯಲ್ಲಿ ಹೋದರೆ ನಾವು ಹುಡುಗರು ಹಿಂದಿನಿಂದ ಹಲ್ಲು ಕಟಕಟ ಅನ್ನಿಸುತ್ತಿದ್ದೆವು. ಪಂಕ್ತಿಯಲ್ಲಿ ಅವರನ್ನು ಕೊನೆಗೆ ಕೂರಿಸುತ್ತಿದ್ದರು. ಮೂಳೆ ಸಿಕ್ಕಿದ ನಾಯಿಯನ್ನು ನೋಡುವ ಹಾಗೆ ಅವರು ತಿನ್ನುವುದನ್ನು ಜನ ನೋಡುತ್ತಿದ್ದರು. ಚೌಡಯ್ಯ ಅನ್ನವನ್ನು ಬಾಯಿ ಮುಚ್ಚಿಕೊಂಡು, ಹಲ್ಲು ಕಾಣಿಸದ ಹಾಗೆ, ನಿಧಾನವಾಗಿ ಅಗಿಯುತ್ತಿದ್ದ. ಊರಿನಲ್ಲೆಲ್ಲ ಅಷ್ಟು ಚೆನ್ನಾಗಿ ಉಣ್ಣುವವನು ಇನ್ನೊಬ್ಬನಿರಲಿಲ್ಲ.

ಅವನ ಮಗಳು ದೇವೀರಿ ನನ್ನ ಕ್ಲಾಸು. ಬುದ್ಧಿ ಅಂದರೆ ಅದು ಬುದ್ಧಿ. ಅವಳ ನಂತರ ಕ್ಲಾಸಿಗೆ ನಾನೇ, ಆದರೂ ಒಂದು ಹಾಳೆಯನ್ನು ಮೂರು ಸಲ ಕೇಳಬೇಕಿತ್ತು, ಅವಳು ಒಂದು ಸಲ ಕೇಳಿದರೆ ಅಲ್ಪವಿರಾಮ ಸಮೇತ ಹೇಳುತ್ತಿದ್ದಳು. ಆ ವರ್ಷ ಜೋಡಣೆ ಮೇಷ್ಟ್ರು ನಿವೃತ್ತರಾಗುವವರಿದ್ದರು. ಜೋಡಣೆ ಮೇಷ್ಟ್ರು ಅಂದರೆ ಮುನ್ನೂರ ಆರು ಹಾಳೆಯನ್ನೂ ತಲೆಯಲ್ಲಿ ಜೋಡಿಸಿಟ್ಟುಕೊಂಡು ಶಾಲೆಯಲ್ಲಿ ಪಾಠ ಮಾಡುವವರು, ಇಡೀ ಊರು ಎದ್ದು ನಿಲ್ಲುವ ಕೆಲಸ. ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಆ ಜಾಗ. ದೇವೀರಿಗೇ ಸಿಗುತ್ತದೆ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ನಂಗೆ ಕೆಲ್ಸ ಸಿಕ್ಮೇಲೆ ಮೊದ್ಲು ಏನ್ ಮಾಡ್ತೀನಿ ಹೇಳು" ಎಂದು ಒಂದು ಸಲ ಕೆರೆ ಏರಿಯ ಮೇಲೆ ನಡೆಯುವಾಗ ಕೇಳಿದಳು.

"ಏನ್ ಮಾಡ್ತೀಯಾ?"

"ಒಂದ್ ಮದುವೆ ಊಟದಲ್ಲಿ ನಮ್ಮಪ್ಪನ್ನ ಮೊದಲನೇ ಪಂಕ್ತಿಲಿ ಕೂರಿಸ್ತೀನಿ. ಜೋಡಣೆ ಮೇಷ್ಟ್ರ ಅಪ್ಪ ಅಂದ್ರೆ ಎಬ್ಬಿಸೋಕಾಗುತ್ತಾ? ಹಪ್ಪಳ ಹಾಕಿಸ್ತೀನಿ, ಕಟಕಟ ಅಂತ ತಿನ್ಲಿ."

ನಾನು ನಕ್ಕೆ. ಅವಳು ನಗಲಿಲ್ಲ.

ಪರೀಕ್ಷೆಗೆ ಒಂದು ವಾರವಿರುವಾಗ ನಮ್ಮ ಮನೆಯ ಬಾಗಿಲು ತಟ್ಟಿದಳು. ಅದು ನಾಲ್ಕನೆಯ ಸಲ. ನಾನು ಜಗಲಿಗೆ ಬಂದು ಓದಿದೆ. ಕೇಳಿ ಮುಗಿಸಿ ಹೋಗಲಿಲ್ಲ, ಹಾಳೆಯನ್ನೇ ನೋಡುತ್ತ ನಿಂತಳು.

"ಗುರುಪಾದ, ನಿಮ್ ಹಾಳೇಲಿ ಹೊಸ ಬಟ್ಟೆ ಕೊಟ್ರು ಅಂತ ಇದೆ. ನಮ್ ಹಾಳೇಲಿ ಮೈಮೇಲೆ ಬಟ್ಟೆ ಇಲ್ಲ. ಆ ಬಟ್ಟೆ ಏನಾಯ್ತು?"

"ಹರ್ಕೊಂಡ್ರು. ಕಾಡು ಜನ."

"ನಿಮ್ ಹಾಳೇಲಿ ದೀಪ ಇದೆ, ತುಪ್ಪ ಇದೆ. ಹೊಗೆ ಇಲ್ಲ. ನಮ್ಮದ್ರಲ್ಲಿ ಮೊದಲ ಮಾತೇ ಹೊಗೆ. ಎಲ್ಲಿಂದ ಬಂತದು?"

"ಅವರೇ ಹಚ್ಚಿರ್ತಾರೆ."

"ಉಣ್ಣೋಕೆ ಕೂತೋರು ಎಲೆ ಮುಂದೆ ಬಿಟ್ಟು ಬೆಂಕಿ ಹಚ್ತಾರಾ? ಅರ್ಧ ಊಟದಲ್ಲಿ?" ಆಮೇಲೆ ಮೆಲ್ಲಗೆ ಅಂದಳು, "ಆ ಬೆರಳು ಸ್ವಲ್ಪ ಎತ್ತು ಮಾರಾಯ. ಮುಟ್ಟಲ್ಲ ನಾನು. ಇಲ್ಲಿಂದ್ಲೇ ನೋಡ್ತೀನಿ."

ನನ್ನ ಹೆಬ್ಬೆಟ್ಟು ಬೆವರಿತು. ಎತ್ತಿಬಿಡಬೇಕು ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದು, "ಓದಿದ್ದಾಯ್ತಲ್ಲ ತಾಯಿ, ಇನ್ನೇನು? ಹತ್ರ ನಿಂತ್ಕೊಂಡ್ರೆ ನನ್ ಮಗನ್ನ ಕಚ್ಚೀಯ" ಅಂದಳು. ನಗುನಗುತ್ತಲೇ ಅಂದಳು. ದೇವೀರಿ ಮೆಟ್ಟಿಲು ಇಳಿದು ಹೋದಳು.

ಪರೀಕ್ಷೆಯಲ್ಲಿ ಅವಳು ಗೆರೆಯನ್ನೇ ಎಳೆಯಲಿಲ್ಲ. ಹನ್ನೆರಡು ಪುಟ ಬರೆದಿದ್ದಳು, ಒಂದರಲ್ಲೂ ಎಡ ಬಲ ಇಲ್ಲ. ನೂರಾ ಹನ್ನೆರಡಕ್ಕೂ ನೂರಾ ಹದಿಮೂರಕ್ಕೂ ಮಧ್ಯೆ ಏನೋ ನಡೆದಿದೆ, ಅದು ಓದುವವರ ಬಾಯಿಗೆ ಬರುತ್ತಿಲ್ಲ, ಅದು ತಿಳಿಯುವ ತನಕ ಯಾರು ಕಾಡಿನವರು ಎಂದು ಹೇಳಲಾರೆ ಎಂದು ಬರೆದಿದ್ದಳು. ಹೆಡ್ಮಾಸ್ಟರು ಹಂಪಯ್ಯನವರು ಒಂದನೇ ಹಾಳೆಯ ಮನೆಯವರು, ಕಾದಂಬರಿಯೇ ತಮ್ಮ ಮನೆಯಲ್ಲಿ ಹುಟ್ಟಿತು ಅನ್ನುವ ಹಾಗೆ ನಡೆಯುತ್ತಿದ್ದವರು. ಅವರು ಉತ್ತರ ಪತ್ರಿಕೆ ಹಿಡಿದುಕೊಂಡು, ಬೆಳಿಗ್ಗೆ ಹತ್ತು ಗಂಟೆಗೆ, ಇಡೀ ಊರನ್ನು ಶಾಲೆಯ ಮೈದಾನಕ್ಕೆ ಕರೆಸಿದರು. ಹೆಂಗಸರು ಮಕ್ಕಳು ಎಲ್ಲ ಬಂದರು. ಚೌಡಯ್ಯ ಹಿಂದೆ, ಬೇವಿನ ಮರದ ಕೆಳಗೆ, ಉಳಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದ.

"ಗೆರೆ ಯಾಕಮ್ಮ ಎಳೀಲಿಲ್ಲ?" ಎಂದು ಕೇಳಿದರು ಹಂಪಯ್ಯನವರು.

"ಎಲ್ಲಿ ಎಳೀಬೇಕು ಅಂತ ಗೊತ್ತಾಗ್ಲಿಲ್ಲ ಸಾರ್."

"ನಿಮ್ಮಪ್ಪಂಗೆ ಗೊತ್ತು, ನಿಮ್ಮಜ್ಜಂಗೆ ಗೊತ್ತಿತ್ತು. ನಿಂಗೆ ಗೊತ್ತಾಗ್ಲಿಲ್ವಾ?"

"ಅವ್ರಿಗೂ ಗೊತ್ತಿರ್ಲಿಲ್ಲ ಸಾರ್. ಸುಮ್ನಿದ್ರು."

ಜನ ಗೊಳ್ಳೆಂದರು. ಹಂಪಯ್ಯನವರು ಕೈ ಎತ್ತಿ ಸುಮ್ಮನಿರಿಸಿ, ಆಗಲಿ, ಎಲ್ಲರೆದುರಿಗೂ ತೀರ್ಮಾನವಾಗಲಿ, ನೂರಾ ಹನ್ನೆರಡರ ಮನೆಯವರು ಬಂದು ಪೂರ್ತಿ ಓದಲಿ, ಈವರೆಗೆ ಓದದ್ದು ಏನಾದರೂ ಉಳಿದಿದ್ದರೆ ಈ ಹುಡುಗಿಗೇ ಮೊದಲನೇ ಸ್ಥಾನ, ಇಲ್ಲದಿದ್ದರೆ ನಪಾಸು ಎಂದರು. ನನ್ನನ್ನು ಕರೆದರು. ಅಪ್ಪನ ಶಲ್ಯ ನನಗೆ ಉದ್ದವಾಗುತ್ತಿತ್ತು, ಅಮ್ಮ ಎರಡು ಮಡಿಕೆ ಮಾಡಿ ಹೊದಿಸಿದ್ದಳು. ಹಾಳೆ ತೆಗೆದೆ. ಓದಿದೆ. ದನಿ ನಡುಗಲಿಲ್ಲ, ಚೆನ್ನಾಗಿ ಓದಿದೆ ಅಂತ ಆಮೇಲೆ ಎಲ್ಲರೂ ಹೇಳಿದರು. ಹೊಸ ಬಟ್ಟೆ ಕೊಟ್ಟೆ, ಎಲೆ ಹಾಕಿದೆ, ತುಪ್ಪ ಬಡಿಸಿದೆ. ಕೆಳಗೆ ಬಂದೆ. ಹೆಬ್ಬೆಟ್ಟು ಇತ್ತು. ಅದರ ಕೆಳಗೆ ಮಾಸಿದ ಅಕ್ಷರಗಳಿದ್ದವು. ತಲೆ ಎತ್ತಿದೆ. ದೇವೀರಿ ನನ್ನ ಮುಖವನ್ನು ನೋಡುತ್ತಿರಲಿಲ್ಲ, ಹೆಬ್ಬೆಟ್ಟನ್ನು ನೋಡುತ್ತಿದ್ದಳು. ಅವಳು ಮೊದಲು ಬರದಿದ್ದರೆ ಮೊದಲು ಬರುವವನು ನಾನೇ ಎಂಬುದೂ ಆ ಹೊತ್ತಿಗೆ ನನ್ನ ತಲೆಯಲ್ಲಿತ್ತು. ಇದನ್ನು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಅಮ್ಮನ ಮಾತು, ಮನೆಯ ಮರ್ಯಾದೆ ಅಂತೆಲ್ಲ ಹೇಳಿಕೊಂಡಿದ್ದೆ.

"ಇಷ್ಟೇ ಸಾರ್" ಅಂದೆ.

ಯಾರು ಶುರು ಮಾಡಿದರೋ ಗೊತ್ತಿಲ್ಲ. ಮುಂದಿನ ಸಾಲಿನ ಚಿಕ್ಕ ಮಕ್ಕಳಿರಬೇಕು. ಕಟ, ಕಟ, ಕಟ. ಆಮೇಲೆ ದೊಡ್ಡವರು. ಆಮೇಲೆ ಮುದುಕರು, ಹಲ್ಲಿಲ್ಲದವರು ನಾಲಿಗೆಯಲ್ಲಿ ಲೊಟಕೆ ಹೊಡೆದರು. ಇಸ್ತ್ರಿ ಅಂಗಿ ಹಾಕಿದ ಮೇಷ್ಟ್ರುಗಳು, ಹೂ ಮುಡಿದ ಹೆಂಗಸರು, ಇಡೀ ಮೈದಾನ ಹಲ್ಲು ಕಡಿಯಿತು. ಎಷ್ಟು ಜೋರೆಂದರೆ ಬೇವಿನ ಮರದ ಗಿಣಿಗಳು ಎದ್ದು ಹೋದವು. ದೇವೀರಿ ಕಿವಿ ಮುಚ್ಚಿಕೊಳ್ಳಲಿಲ್ಲ. ಚೌಡಯ್ಯ ಜನರ ನಡುವೆ ದಾರಿ ಮಾಡಿಕೊಂಡು ಬಂದು ಮಗಳ ಭುಜದ ಮೇಲೆ ಕೈ ಹಾಕಿ, "ಬಾ ಮಗ, ರಾಗಿ ಬೀಸೋ ಕಲ್ಲು ಒಂದು ಬಾಕಿ ಇದೆ" ಅಂದ. ನಾನೂ ಹಲ್ಲು ಕಡಿದೆನೇ ಎಂದು ಕೇಳುತ್ತೀರಲ್ಲ, ಕಡಿದೆ. ಹಾಳೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಕಡಿದೆ. ಎಲ್ಲರೂ ಮಾಡುತ್ತಿರುವಾಗ ಬಾಯಿ ತಾನಾಗಿ ಶುರುವಾಗುತ್ತದೆ.

ಒಂದು ವಾರದಲ್ಲಿ ಅವರು ಊರು ಬಿಟ್ಟರು. ಹೊರಡುವ ದಿನ ಮಧ್ಯಾಹ್ನ ನಾನು ಹೋಗಿ ಬಾಗಿಲು ತಟ್ಟಿದೆ. ಯಾಕೆ ಹೋದೆ ಅಂತ ಕೇಳಬೇಡಿ. ಒಳಗೆ ಸಾಮಾನು ಕಟ್ಟಿ ಆಗಿತ್ತು, ಗಾಡಿಯ ಮೇಲೆ ಒರಳು ಏರಿಸುತ್ತಿದ್ದರು. ದೇವೀರಿ ಬಂದಳು. ನನ್ನನ್ನು ಬೈಯಬಹುದಿತ್ತು.

"ಏನ್ ಬೇಕು?"

"ಓದು" ಅಂದೆ. ಬೇರೆ ಮಾತು ಬರಲಿಲ್ಲ.

ಅವಳು ಟ್ರಂಕು ತೆರೆದು ಹಾಳೆ ತಂದಳು. ಎರಡು ತುದಿಯನ್ನು ಎರಡು ಬೆರಳ ಉಗುರಿನಲ್ಲಿ ಹಿಡಿದಳು, ಒಂದಕ್ಷರವೂ ಮುಚ್ಚದ ಹಾಗೆ. ಮೊದಲಿನಿಂದ ಕೊನೆಯ ತನಕ ಓದಿದಳು. ಕಚ್ಚಿದ್ದನ್ನು, ರಕ್ತವನ್ನು, ಕೊರಳನ್ನು, ಒಂದನ್ನೂ ಬಿಡಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ಓದಿ ಮಡಚಿದಳು.

"ಸಂಜೆ ಗಾಡಿ ಹೊರಡುತ್ತೆ. ಅದಕ್ಕೆ ಮುಂಚೆ ನಿಮ್ಮನೆ ಬಾಗ್ಲು ತಟ್ತೀನಿ. ಓದ್ತೀಯಾ, ಪೂರ್ತಿ?"

ನಾನು ಏನು ಹೇಳಿದೆ ಗೊತ್ತೇ? "ಅಮ್ಮ ಮನೇಲೇ ಇದ್ದಾಳೆ" ಅಂದೆ. ಆ ನಾಲ್ಕು ಸಾಲು ನನ್ನ ಬಾಯಲ್ಲೇ ಇತ್ತು. ಹಾಳೆ ಬೇಕಿರಲಿಲ್ಲ, ಮನೆಗೆ ಹೋಗಬೇಕಿರಲಿಲ್ಲ, ಅಲ್ಲೇ ನಿಂತು ಹೇಳಬಹುದಿತ್ತು. ಹೇಳಲಿಲ್ಲ.

"ಹೂಂ" ಅಂದಳು. "ಹಾಗಾದ್ರೆ ಇದೆ ಅಂತಾಯ್ತು. ಅಷ್ಟು ಸಾಕು ಬಿಡು." ಬಾಗಿಲು ಹಾಕಿಕೊಂಡಳು. ಸಂಜೆ ನಾನು ಜಗಲಿಯ ಮೇಲೇ ಕೂತಿದ್ದೆ. ಅವಳು ಬರಲಿಲ್ಲ.

ಹೋಗುವಾಗ ಹಾಳೆ ತೆಗೆದುಕೊಂಡು ಹೋದರು, ಅದು ಅವರದು. ಊರಿಗೆ ಮೊದಲು ಗಾಬರಿಯಾಯಿತು, ಆಮೇಲೆ ಹಾಯೆನಿಸಿತು. ನೂರಾ ಹನ್ನೆರಡರಲ್ಲಿ ಎಲ್ಲರೂ ಊಟಕ್ಕೆ ಕೂರುತ್ತಾರೆ, ನೂರಾ ಹದಿನಾಲ್ಕರಲ್ಲಿ ಪಟ್ಟಣಕ್ಕೆ ಹೊಸ ನ್ಯಾಯಾಧಿಕಾರಿ ಬರುತ್ತಾರೆ. ಹಳಬರು ವರ್ಗವಾಗಿ ಹೋದರು ಅಂತ ಮಕ್ಕಳಿಗೆ ಹೇಳಿಕೊಟ್ಟೆವು. ಹೇಳಿಕೊಟ್ಟವನು ನಾನೇ, ಮೂವತ್ತಾರು ವರ್ಷ ಜೋಡಣೆ ಮೇಷ್ಟ್ರಾಗಿದ್ದೆ. ಎಡಗಡೆಗೆ ಬರೆಯಲು ಏನೂ ಸಿಗುವುದಿಲ್ಲ ಸಾರ್ ಎಂದು ಮಕ್ಕಳು ದೂರುತ್ತಿದ್ದರು. ನಮ್ಮ ಕಾದಂಬರಿಯೇ ಅಷ್ಟು ನಾಗರಿಕವಾದದ್ದು ಅನ್ನುತ್ತಿದ್ದೆ. ರುದ್ರೇಶ, ನಿನಗೂ ಹಾಗೇ ಹೇಳಿದ್ದೆ. ನೂರಾ ಹದಿಮೂರು ಇರಲಿಲ್ಲ ಅಂತ ನೀನು ಹೇಳುವುದಕ್ಕೆ ನಾನೇ ಕಾರಣ, ನಿನ್ನನ್ನು ಬೈದು ಏನು ಪ್ರಯೋಜನ. ಮದುವೆಗಳಲ್ಲಿ ಓದುತ್ತಲೇ ಹೋದೆ. ಎಷ್ಟು ಮದುವೆ, ಎಷ್ಟು ಪಂಕ್ತಿ. ಪ್ರತಿ ಸಲ ಮೊದಲನೇ ಸಾಲಿನಲ್ಲಿ ಯಾರಾದರೂ ಹಪ್ಪಳ ಮುರಿದರೆ ಓದುತ್ತಿದ್ದ ಜಾಗ ತಪ್ಪುತ್ತಿತ್ತು.

ಅಮ್ಮ ಹೋದ ಮೇಲೆ ಹೇಳೋಣ ಅಂದುಕೊಂಡೆ. ನಿವೃತ್ತನಾದ ಮೇಲೆ ಅಂದುಕೊಂಡೆ. ಮೊನ್ನೆ ನಿಮ್ಮ ಮಾತಿಗೆ ಸಿಟ್ಟು ಬಂದು, ತೋರಿಸಿಯೇ ಬಿಡುತ್ತೇನೆ ಎಂದು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಏನೂ ಇಲ್ಲ. ಕೆಳಗೆ ಹೆಬ್ಬೆಟ್ಟಿನಗಲ ಒಂದು ಹಳದಿ ಕಲೆ, ಎಣ್ಣೆ ಕಾಗದದ ಹಾಗೆ, ಅದರಲ್ಲಿ ಬಿಸಿಲು ತೂರುತ್ತದೆ. ತಾತ ಅಪ್ಪ ಉಳಿಸಿದ್ದನ್ನು ನಾನು ಒರೆಸಿ ಮುಗಿಸಿದ್ದೇನೆ. ಈಗ ಆ ನಾಲ್ಕು ಸಾಲು ಇರುವುದು ನೀವು ಕೆಟ್ಟುಹೋಗಿದೆ ಅನ್ನುವ ಈ ತಲೆಯಲ್ಲಿ ಮಾತ್ರ. ನಂಬದಿದ್ದರೆ ನಿಮ್ಮ ತಪ್ಪೇನಿಲ್ಲ. ಕೇಳಿ:

"ಊಟ ಮುಗಿಯುವ ಮೊದಲೇ ನ್ಯಾಯಾಧಿಕಾರಿಗಳು ಎದ್ದು ಕೈ ತೊಳೆದರು. ಪಟ್ಟಣದವರು ಒಬ್ಬೊಬ್ಬರಾಗಿ ಹೊರಗೆ ಬಂದರು, ಹೊರಗಿನಿಂದ ಅಗುಳಿ ಬಿತ್ತು. ಒಳಗೆ ಗುಡ್ಡದವರ ಮಕ್ಕಳು ಇನ್ನೂ ಪಾಯಸ ಕೇಳುತ್ತಿದ್ದರು. ಸೂರಿಗೆ ಎಣ್ಣೆ ಸುರಿಯಿರಿ ಎಂದು ನ್ಯಾಯಾಧಿಕಾರಿಗಳು ಮೆಲುದನಿಯಲ್ಲಿ ಹೇಳಿದರು."

ಇಷ್ಟು. ಈಗ ಪೂರ್ತಿಯಾಯಿತು.

ಚೌಡಯ್ಯ ಈಗ ಇರಲಾರ. ದೇವೀರಿ ಇದ್ದರೆ ನನ್ನ ವಯಸ್ಸೇ, ಮೊಮ್ಮಕ್ಕಳಿರಬಹುದು, ಅವರ ಕೈಯಲ್ಲಿ ಇಂಥದೇ ಫೋನಿರಬಹುದು. ಯಾವ ಊರಿಗೆ ಹೋದರೋ ನನಗೆ ಗೊತ್ತಿಲ್ಲ, ಕೇಳಿದವನೂ ಅಲ್ಲ. ನೀವು ದಿನಾ ಬೆಳಿಗ್ಗೆ ಹೂವಿನ ಪಟ ಕಳಿಸುತ್ತೀರಲ್ಲ ನೂರು ಜನರಿಗೆ, ಹಾಗೆ ಇದನ್ನೂ ಕಳಿಸಿ. ಅವರು ಇನ್ನೊಬ್ಬರಿಗೆ ಕಳಿಸಲಿ. ಎಲ್ಲೋ ಒಂದು ಮನೆಯಲ್ಲಿ ನೂರಾ ಹದಿಮೂರನೇ ಹಾಳೆ ಟ್ರಂಕಿನಲ್ಲಿರುತ್ತದೆ, ಆ ಮನೆಯ ಬಾಗಿಲು ತಟ್ಟುವ ತನಕ ಹೋಗಲಿ. ಒಂದೇ ಒಂದು ಕೇಳುತ್ತೇನೆ: ಮುದುಕ ಉದ್ದ ಮಾತಾಡಿದ ಅಂತ ಕೊನೆಯ ಭಾಗ ಕತ್ತರಿಸಿ ಕಳಿಸಬೇಡಿ. ಬೇಕಾದರೆ ಮೊದಲಿನದನ್ನು ಕತ್ತರಿಸಿ.

ಹೆಬ್ಬೆಟ್ಟು ಎತ್ತುತ್ತಿದ್ದೇನೆ.